ಜಾನುವಾರು ಸಾಗಿಸುವ ಟ್ರೇಲರಿಗೆ ಉಕ್ಕೋ, ಅಲ್ಯೂಮಿನಿಯಮೋ?

ಹಸುಗಳನ್ನು ಸಂತೆಯಿಂದ ತರಲು, ಪಶು ಆಸ್ಪತ್ರೆಗೆ ಒಯ್ಯಲು, ಕುರಿಗಳನ್ನು ಮಾರುಕಟ್ಟೆಗೆ ಸಾಗಿಸಲು ಅನೇಕ ರೈತರು ಟ್ರ್ಯಾಕ್ಟರ್ ಟ್ರೇಲರನ್ನೋ ಸಣ್ಣ ಸರಕು ವಾಹನವನ್ನೋ ಬಳಸುತ್ತಾರೆ. ದಾರಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ಹಸು ಮತ್ತೆ ಮೊದಲಿನಂತಾಗುವುದು ಅಪರೂಪ. ಆದ್ದರಿಂದ ಟ್ರೇಲರ್ ಅಥವಾ ವಾಹನದ ಮೈಕಟ್ಟನ್ನು ಮಾಡಿಸುವಾಗ ಯಾವ ಲೋಹ, ಎಂತಹ ನೆಲ ಎಂಬುದನ್ನು ಮೊದಲೇ ಯೋಚಿಸುವುದು ಅಗತ್ಯ.

ತೂಕ

ಒಂದೇ ಗಾತ್ರದ ಉಕ್ಕಿನ ತೂಕದಲ್ಲಿ ಅಲ್ಯೂಮಿನಿಯಂ ಸುಮಾರು ಮೂರನೆಯ ಒಂದು ಭಾಗ ಮಾತ್ರ ತೂಗುತ್ತದೆ. ಆದರೆ ಅದು ಉಕ್ಕಿಗಿಂತ ಬೇಗ ಬಾಗುವುದರಿಂದ ತಗಡು ದಪ್ಪವಾಗಿರಬೇಕು. ಉದಾಹರಣೆಗೆ, 3 ಮೀಟರ್ ಉದ್ದ, 1.8 ಮೀಟರ್ ಅಗಲದ ನೆಲಕ್ಕೆ 3 ಮಿ.ಮೀ. ಉಕ್ಕಿನ ತಗಡು ಹಾಕಿದರೆ ಸುಮಾರು 127 ಕಿ.ಗ್ರಾಂ., 4.5 ಮಿ.ಮೀ. ಅಲ್ಯೂಮಿನಿಯಂ ಹಾಕಿದರೆ ಸುಮಾರು 66 ಕಿ.ಗ್ರಾಂ. ತೂಗುತ್ತದೆ.

ಈ ಉಳಿತಾಯದಿಂದ ಹೆಚ್ಚು ಹಸುಗಳನ್ನು ಒಯ್ಯಬಹುದೆಂದು ಭಾವಿಸಬಾರದು. 2016ರಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮದ ಪ್ರಕಾರ ಹಸು ಅಥವಾ ಎಮ್ಮೆಯೊಂದಕ್ಕೆ ಕನಿಷ್ಠ 2 ಚದರ ಮೀಟರ್ ಜಾಗವಿರಬೇಕು. ಮೇಲಿನ ನೆಲದ ವಿಸ್ತೀರ್ಣ 5.4 ಚದರ ಮೀಟರ್. ಅಂದರೆ ಎರಡೇ ಹಸುಗಳು. ಮಿತಿ ಹಾಕುವುದು ಜಾಗವೇ ಹೊರತು ಲೋಹದ ತೂಕವಲ್ಲ. ಹಲವು ಟನ್ ಭಾರ ಎಳೆಯುವ ಟ್ರ್ಯಾಕ್ಟರಿಗೆ 60 ಕಿಲೋ ವ್ಯತ್ಯಾಸ ಲೆಕ್ಕಕ್ಕೇ ಬಾರದು. ವಾರಕ್ಕೆ ಹಲವು ಸಲ ದೂರ ಓಡುವ ಸಣ್ಣ ವಾಹನಕ್ಕೆ ಮಾತ್ರ ಇದರಿಂದ ಡೀಸೆಲ್ ಉಳಿಯುತ್ತದೆ.

ತುಕ್ಕು ಮತ್ತು ಸವೆತ

ಉಕ್ಕಿನ ದೊಡ್ಡ ಶತ್ರು ತುಕ್ಕು. ಸಗಣಿ, ಗಂಜಲ ನಿಂತಲ್ಲಿ ಅದು ಬೇಗ ಹಿಡಿಯುತ್ತದೆ. ಮೇಲೆ ಬಣ್ಣ ಚೆನ್ನಾಗಿ ಕಂಡರೂ ಕೆಳಗಿನ ಮೂಲೆಗಳಲ್ಲಿ ತಗಡು ತಿಂದುಹೋಗಿರಬಹುದು. ಸತುವಿನ ಲೇಪನವಿರುವ ಉಕ್ಕು ಹೆಚ್ಚು ಕಾಲ ಬಾಳುತ್ತದೆ. ಮಳೆ ಮತ್ತು ಉಪ್ಪುಗಾಳಿ ಹೆಚ್ಚಿರುವ ಕರಾವಳಿಯಲ್ಲಿ ಇದು ವಿಶೇಷವಾಗಿ ಉಪಯುಕ್ತ.

ಅಲ್ಯೂಮಿನಿಯಮ್ಮಿಗೆ ಕೆಂಪು ತುಕ್ಕು ಹಿಡಿಯದಿದ್ದರೂ ಅದು ಸವೆಯುವುದೇ ಇಲ್ಲವೆಂದಲ್ಲ. ಸುಣ್ಣ, ಬಟ್ಟೆ ಸೋಡಾ ಇದನ್ನು ತಿನ್ನುತ್ತವೆ. ಕೊಟ್ಟಿಗೆಗೆ ಎರಚುವಂತೆ ಇದರ ಮೇಲೆ ಸುಣ್ಣ ಎರಚಬಾರದು. ಉಕ್ಕಿನ ಬೋಲ್ಟು ನೇರವಾಗಿ ತಾಗಿ ತೇವವಿದ್ದ ಕಡೆ ಅಲ್ಯೂಮಿನಿಯಂ ಬೇಗ ಕೊರೆದುಹೋಗುತ್ತದೆ. ಎರಡರ ನಡುವೆ ರಬ್ಬರ್ ಅಥವಾ ಪ್ಲಾಸ್ಟಿಕ್ ವಾಷರ್ ಇರುವುದು ಅವಶ್ಯಕ.

ದುರಸ್ತಿ

ಉಕ್ಕಿನ ಟ್ರೇಲರ್ ಕೆಟ್ಟರೆ ಹೋಬಳಿ ಮಟ್ಟದ ವೆಲ್ಡಿಂಗ್ ಅಂಗಡಿಯಲ್ಲೇ ಸರಿಪಡಿಸಬಹುದು. ಅಲ್ಯೂಮಿನಿಯಂ ಬೆಸೆಯಲು ಆರ್ಗಾನ್ ಅನಿಲ, ಬೇರೆ ಯಂತ್ರ ಮತ್ತು ನುರಿತ ಕೆಲಸಗಾರ ಬೇಕು. ಹಳ್ಳಕೊಳ್ಳದ ರಸ್ತೆಯಲ್ಲಿ ನಿರಂತರ ಕುಲುಕಾಟದಿಂದ ಇದರ ಬೆಸುಗೆಯ ಅಂಚುಗಳಲ್ಲಿ ಸೀಳು ಬರುವ ಸಂಭವವೂ ಹೆಚ್ಚು.

ನೆಲವೇ ಮುಖ್ಯ

ಒದ್ದೆಯಾದಾಗ ಎರಡು ಲೋಹಗಳೂ ಜಾರುತ್ತವೆ, ಬಿಸಿಲಿನಲ್ಲಿ ಎರಡೂ ಕಾಯುತ್ತವೆ. 1978ರ ಪ್ರಾಣಿಗಳ ಸಾಗಾಣಿಕೆ ನಿಯಮಗಳು ಸಹ ನೆಲಕ್ಕೆ ತೆಂಗಿನ ನಾರಿನ ಚಾಪೆ ಅಥವಾ ಮರದ ಹಲಗೆಯಂತಹ ಜಾರದ ಹಾಸನ್ನು ಹಾಕಬೇಕೆಂದು ಹೇಳುತ್ತವೆ. ಹಾಸಿನ ಮೇಲೆ ಹುಲ್ಲು ಹರಡಿದರೆ ಇನ್ನೂ ಒಳ್ಳೆಯದು. ಈ ಕೆಳಗಿನ ಕ್ರಮಗಳನ್ನು ತಪ್ಪದೆ ಅನುಸರಿಸಬೇಕು:

1. ಪ್ರತಿ ಸಲ ಸಾಗಿಸಿದ ನಂತರ ಹಾಸನ್ನು ಎತ್ತಿ, ನೆಲವನ್ನು ನೀರಿನಿಂದ ತೊಳೆದು ಒಣಗಿಸಬೇಕು.

2. ನೀರು, ಗಂಜಲ ಹರಿದುಹೋಗಲು ಅಂಚಿನಲ್ಲಿ ರಂಧ್ರಗಳಿರಬೇಕು. ಅವು ಗೊರಸು ಸಿಕ್ಕಿಕೊಳ್ಳದಷ್ಟು ಚಿಕ್ಕದಾಗಿರಲಿ.

3. ಮಳೆಗಾಲದ ಮೊದಲು ಮತ್ತು ನಂತರ ತಳಭಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಪದರ ಉದುರಿದರೆ ಅಥವಾ ತಗಡು ಒಳಕ್ಕೆ ತಗ್ಗಿದರೆ ಆ ಭಾಗವನ್ನು ಬದಲಿಸದೆ ಜಾನುವಾರು ಹತ್ತಿಸಬಾರದು.

4. ತುಕ್ಕನ್ನು ಉಜ್ಜಿ ತೆಗೆದು, ರೆಡ್ ಆಕ್ಸೈಡ್ ಬಳಿದ ಮೇಲೆಯೇ ಬಣ್ಣ ಹಚ್ಚಬೇಕು.

5. ಒಳಗೆ ಚೂಪಾದ ಅಂಚು, ಹೊರಚಾಚಿದ ಬೋಲ್ಟು ಇರಬಾರದು. ಹತ್ತಿಸಲು ಇಳಿಜಾರು ಹಲಗೆ ಇರಲಿ.

ಯಾರಿಗೆ ಯಾವುದು?

ತಿಂಗಳಿಗೆ ಒಂದೆರಡು ಸಲ ಹತ್ತಿರದ ಊರಿಗೆ ಜಾನುವಾರು ಸಾಗಿಸಿ, ಉಳಿದ ದಿನ ಅದೇ ಟ್ರೇಲರಿನಲ್ಲಿ ಗೊಬ್ಬರ, ಮೇವು ಹೇರುವ ರೈತರಿಗೆ ಉಕ್ಕೇ ಸೂಕ್ತ. ಅದರಲ್ಲೂ ನೆಲಕ್ಕೆ ಸತು ಲೇಪಿತ ತಗಡು ಹಾಕಿಸಿದರೆ ಬಾಳಿಕೆ ಹೆಚ್ಚು. ಜಾನುವಾರು ಸಾಗಣೆಯನ್ನೇ ವೃತ್ತಿಯಾಗಿಸಿಕೊಂಡು ಒಳ್ಳೆಯ ರಸ್ತೆಗಳಲ್ಲಿ ದೂರ ಓಡಾಡುವವರು, ಹತ್ತಿರದಲ್ಲಿ ದುರಸ್ತಿ ಸೌಲಭ್ಯವಿದ್ದರೆ, ಅಲ್ಯೂಮಿನಿಯಂ ಮೈಕಟ್ಟನ್ನು ಪರಿಶೀಲಿಸಬಹುದು. ಅಂತಹವರೂ ಅಡಿಕಟ್ಟನ್ನು ಉಕ್ಕಿನದೇ ಇಟ್ಟುಕೊಳ್ಳುವುದು ಲೇಸು. ನೋಂದಣಿಯಾದ ವಾಹನದ ಮೈಕಟ್ಟನ್ನು ಬದಲಿಸುವ ಮುನ್ನ ಸಾರಿಗೆ ಕಛೇರಿಯ ಅನುಮತಿ ಪಡೆಯಬೇಕು.

ಲೋಹದ ಬೆಲೆಯಲ್ಲಿ ಉಳಿದ ಹಣದಿಂದ ಒಳ್ಳೆಯ ಹಾಸು ಕೊಂಡರೆ ಅದು ವ್ಯರ್ಥವಾಗುವುದಿಲ್ಲ. ಲೋಹ ಯಾವುದಾದರೂ ಇರಲಿ, ಹಸು ನಿಲ್ಲುವುದು ನೆಲದ ಮೇಲೆ ಎಂಬುದನ್ನು ಮರೆಯಬಾರದು.