ಗುಡ್ಡ ಬಿಟ್ಟು ಬಂದ ಸಮ್ಮರ್‌ಹಿಲ್

ಹೆಸರಿನಲ್ಲಿ ಗುಡ್ಡವಿದೆ, ನೆಲ ಮಾತ್ರ ಸಪಾಟು. ಇಂಗ್ಲೆಂಡಿನ ಪೂರ್ವ ಕರಾವಳಿಯ ಹತ್ತಿರ, ಲೇಸ್ಟನ್ ಎಂಬ ಸಣ್ಣ ಊರಿನಲ್ಲಿ ಸಮ್ಮರ್‌ಹಿಲ್ ಶಾಲೆಯಿದೆ. ಆ ಗುಡ್ಡ ಹಿಂದೆ ಇದ್ದ ಮನೆಯದು. ಮನೆ ಬಿಟ್ಟು ಹೊರಟವರು ಅದರ ಹೆಸರನ್ನು ಮಾತ್ರ ಜೊತೆಗೆ ತಂದರು.

ಶಾಲೆ ಕಟ್ಟಿದ ಎ. ಎಸ್. ನೀಲ್ ಸ್ಕಾಟ್ಲೆಂಡಿನ ಒಬ್ಬ ಶಾಲಾ ಮೇಷ್ಟ್ರ ಮಗ. ಅವರ ಪ್ರಯೋಗ ಶುರುವಾದದ್ದು 1921ರಲ್ಲಿ, ಜರ್ಮನಿಯ ಡ್ರೆಸ್ಡೆನ್ ಬಳಿಯ ಹೆಲರಾವ್‌ನಲ್ಲಿ. ಸಂಗೀತವನ್ನು ಮೈಯ ಚಲನೆಯಿಂದ ಕಲಿಸುತ್ತಿದ್ದ ದಾಲ್‌ಕ್ರೋಜ್‌ಗಾಗಿ ವಾಸ್ತುಶಿಲ್ಪಿ ಟೆಸೆನೋ ಕಟ್ಟಿದ ಭವನ ಅಲ್ಲಿತ್ತು. ಜಪಾನಿನ ‘ತೊತ್ತೋಚಾನ್’ ಪುಸ್ತಕ ಓದಿದವರಿಗೆ ಈ ಎಳೆ ಹತ್ತಿರದ್ದು: ಅದರ ಪುಟ್ಟ ಹುಡುಗಿಯ ಹೆಡ್‌ಮಾಸ್ಟರ್ ಕೊಬಾಯಾಶಿ ಕಲಿತು ಬಂದದ್ದೂ ಇದೇ ದಾಲ್‌ಕ್ರೋಜ್ ಪದ್ಧತಿಯನ್ನು.

1923ರಲ್ಲಿ ಆ ಸೀಮೆ ಗಲಭೆಗೆ ಸಿಕ್ಕಿತು. ಶಾಲೆ ಆಸ್ಟ್ರಿಯಾದ ಬೆಟ್ಟವೊಂದನ್ನು ಏರಿತು; ಅಲ್ಲಿಯ ಜನಕ್ಕೆ ಇದು ಹಿಡಿಸಲಿಲ್ಲ. 1924ರಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್‌ಗೆ ಬಂದು ‘ಸಮ್ಮರ್‌ಹಿಲ್’ ಎಂಬ ಮನೆಯಲ್ಲಿ ನೆಲೆಸಿತು. 1927ರಲ್ಲಿ ಲೇಸ್ಟನ್‌ನ ವಿಕ್ಟೋರಿಯಾ ಕಾಲದ ಮನೆಗೆ ಬಂತು. ಯುದ್ಧಕಾಲದಲ್ಲಿ ಆ ಮನೆ ಸೈನ್ಯಕ್ಕೆ ಹೋಯಿತು, ಮಕ್ಕಳು ವೇಲ್ಸ್‌ಗೆ ಹೋದರು. 1945ರಲ್ಲಿ ಮತ್ತೆ ಅದೇ ಅಂಗಳ.

ಈ ಆವರಣದಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ದೊಡ್ಡ ಮನೆಯ ಮುಂದಲ್ಲ, ಮಕ್ಕಳು ಮಲಗುವ ತಾಣಗಳ ಮುಂದೆ. ಹಳೆಯ ರೈಲು ಡಬ್ಬಿಗಳನ್ನು ಇಲ್ಲಿ ಮಲಗುವ ಕೋಣೆ ಮಾಡಿಕೊಂಡಿದ್ದರು. ಅದರಿಂದ ದೊಡ್ಡ ಮಕ್ಕಳಿಗೆ ‘ಕ್ಯಾರೇಜ್’ ಎಂಬ ಹೆಸರೇ ಉಳಿಯಿತು. ಅವರಿಗಿಂತ ಕಿರಿಯರು ‘ಶ್ಯಾಕ್’, ‘ಹೌಸ್’, ‘ಕಾಟೇಜ್’. ಯಾವ ಸೂರಿನಡಿ ಮಲಗುತ್ತಾರೋ ಅದರಿಂದಲೇ ಮಕ್ಕಳನ್ನು ಗುರುತಿಸುವುದು ಎಷ್ಟು ಆಪ್ತ! ಪಾಠಕ್ಕೆ ಹೋಗಲೇಬೇಕೆಂಬ ಕಟ್ಟುಪಾಡಿಲ್ಲ. ಆದರೆ ಶಾಲೆಯ ದಿನನಿತ್ಯದ ನಿಯಮಗಳನ್ನು ಮಕ್ಕಳೂ ದೊಡ್ಡವರೂ ಸೇರಿದ ಸಭೆಯೇ ಮಾಡಬೇಕು; ಅಲ್ಲಿ ಆರು ವರ್ಷದ ಮಗುವಿಗೂ ನೀಲ್‌ಗೂ ಒಂದೊಂದೇ ಮತವಿತ್ತು. 1973ರಲ್ಲಿ ನೀಲ್ ತೀರಿಕೊಂಡ ಮೇಲೆ ಹೆಂಡತಿ ಈನಾ, ಆಮೇಲೆ ಮಗಳು ಝೋಯಿ ಶಾಲೆಯನ್ನು ನಡೆಸಿದರು.

1999ರ ತಪಾಸಣೆಯ ನಂತರ ಸರ್ಕಾರ ಶಾಲೆಯ ಬಗ್ಗೆ ಆಕ್ಷೇಪ ಎತ್ತಿತು. ಪಾಠ ಮಕ್ಕಳ ಇಚ್ಛೆಗೆ ಬಿಟ್ಟದ್ದು ಅದರ ತಿರುಳು. ಶಾಲೆ ನ್ಯಾಯಮಂಡಳಿಗೆ ಹೋಯಿತು. 2000ದ ಮಾರ್ಚ್‌ನಲ್ಲಿ, ವಿಚಾರಣೆಯ ನಡುವೆಯೇ ಸರ್ಕಾರ ರಾಜಿಗೆ ಬಂತು. ಒಪ್ಪಬೇಕೇ ಬೇಡವೇ? ವಿಚಾರಣೆ ನಡೆಯುತ್ತಿದ್ದ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ನ ಕೋಣೆಯಲ್ಲೇ ಮಕ್ಕಳು ತಮ್ಮ ಸಭೆ ಸೇರಿದರು, ಚರ್ಚಿಸಿದರು, ಮತ ಹಾಕಿ ಒಪ್ಪಿದರು.