ಗಿರಣಿ ಹೋಯ್ತು, ಗೋಪುರ ಬಂತು. ಗಲ್ಲಿ ಮಾತ್ರ ಅಷ್ಟೇ ಅಗಲ

ಮುಂಬೈ: ಸೊಲ್ಲಾಪುರದಿಂದ ರಾತ್ರಿ ಹೊರಟ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಬೆಳಿಗ್ಗೆ ದಾದರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಚರ್ಚ್‌ಗೇಟ್ ಲೋಕಲ್ ಹಿಡಿದರೆ ಎರಡನೇ ಸ್ಟೇಶನ್ನೇ ಲೋವರ್ ಪರೇಲ್. ಹಳಬರ ಬಾಯಲ್ಲಿ ಇದು ಗಿರಣಗಾಂವ. ಗಿರಣಿ ಭೋಂಗಾ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಸೊಲ್ಲಾಪುರದ ಮಂದಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲೀಗ ತಲೆ ಎತ್ತಿದರೆ ಕಾಣುವುದು ಚಿಮಣಿಗಿಂತ ಹೆಚ್ಚಾಗಿ ಗಾಜಿನ ಗೋಪುರ.

ಶ್ರೀನಿವಾಸ ಮಿಲ್ಲಿನ ಜಾಗದಲ್ಲಿ ಎದ್ದಿರುವ ‘ವರ್ಲ್ಡ್ ಒನ್’ 280 ಮೀಟರ್ ಎತ್ತರ, 76 ಅಂತಸ್ತು. ಮೊದಲಿನ ಲೆಕ್ಕ 442 ಮೀಟರ್ ಇತ್ತು. ವಿಮಾನ ನಿಲ್ದಾಣ ಪ್ರಾಧಿಕಾರದ ಪರವಾನಗಿ ಸಿಗದೆ ಅದು ಕುಗ್ಗಿತು. ಇಂಥ ಟವರುಗಳಲ್ಲಿ ಈಜುಕೊಳ, ಜಿಮ್, ಕ್ಲಬ್ಬು, ಬಾಗಿಲಲ್ಲಿ ಸೆಕ್ಯುರಿಟಿ, ಕಾರಿಗೇ ಹಲವು ಮಹಡಿ. ಮೇಲೆ ಹೋದಂತೆ ಹಾರ್ನ್ ಸದ್ದು ಸಣ್ಣದಾಗುತ್ತದೆ, ಸೊಳ್ಳೆ ಕಮ್ಮಿ, ಗಾಳಿ ಜೋರು. ಬೆಂಕಿ ಬಿದ್ದರೆ ಬಂದು ನಿಲ್ಲಲು ನಡುನಡುವೆ ‘ರೆಫ್ಯೂಜ್’ ಎಂದು ಜಾಗ ಬಿಡಬೇಕೆಂಬ ನಿಯಮವಿದೆ. ಮೇಂಟೆನನ್ಸ್ ಸಾಮಾನ್ಯವಾಗಿ ಚದರ ಅಡಿ ಲೆಕ್ಕ. ಮನೆ ಸ್ವಂತದ್ದು ಅಂದರೂ ತಿಂಗಳಿಗೊಮ್ಮೆ ಭಾಡೆ ಕೊಟ್ಟಂಗೆ!

ಇಷ್ಟೆಲ್ಲ ಇದ್ದರೂ ಲಿಫ್ಟ್ ಇಳಿದ ಕೂಡಲೇ ಅದೇ ಹಳೇ ಗಲ್ಲಿ. ಗಿರಣಿ ಕಾಲದ ರಸ್ತೆ, ರೈಲು ಸೇತುವೆಗಳ ಮೇಲೆ ಈಗ ಸಾಲುಸಾಲು ಆಫೀಸುಗಳ ಮಂದಿ. ಪಕ್ಕದ ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ 2017ರ ಸೆಪ್ಟೆಂಬರ್ 29ರಂದು ಕಾಲ್ತುಳಿತವಾಗಿ 20ಕ್ಕೂ ಹೆಚ್ಚು ಜನ ಸತ್ತರು. ಅದೇ ಡಿಸೆಂಬರಿನಲ್ಲಿ ಕಮಲಾ ಮಿಲ್ಸ್ ಆವರಣದ ಪಬ್ಬುಗಳಿಗೆ ಬೆಂಕಿ ಬಿದ್ದು 14 ಮಂದಿ ತೀರಿಕೊಂಡರು. ಡಿಲೈಲ್ ರೋಡ್ ಸೇತುವೆ ಅಪಾಯಕಾರಿ ಎಂದು 2018ರ ಜುಲೈಯಲ್ಲಿ ಮುಚ್ಚಿದ್ದು ಪೂರ್ತಿ ತೆರೆದದ್ದು 2023ರ ನವೆಂಬರಿನಲ್ಲಿ. ಐದು ವರ್ಷ! ಕೋಟಿಗಟ್ಟಲೆ ಕೊಟ್ಟು ಮನೆ ಕೊಂಡವರೂ ಅಷ್ಟು ದಿನ ಸುತ್ತು ಹಾಕಿಯೇ ಓಡಾಡಿದರು.

ಜಾಗ ಇರಲಿಲ್ಲವೇ? ಇತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತವು. 1991ರ ನಿಯಮದಂತೆ ಗಿರಣಿ ಭೂಮಿಗೆ ಮೂರು ಪಾಲು: ಒಂದು ಪಾಲಿಕೆಯ ಮೈದಾನ, ಉದ್ಯಾನಕ್ಕೆ, ಒಂದು ಮ್ಹಾಡಾದ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ತಿದ್ದುಪಡಿ ಬಂತು. ಪಾಲು ಇಡೀ ಭೂಮಿಯಲ್ಲಿ ಅಲ್ಲ, ಕಟ್ಟಡವಿಲ್ಲದ ಖಾಲಿ ಜಾಗದಲ್ಲಿ ಮಾತ್ರ ಎಂದಾಯಿತು. ಗಿರಣಿ ಅಂದ ಮೇಲೆ ಬಹುಪಾಲು ಶೆಡ್ಡೇ ಇರುತ್ತದೆ, ಖಾಲಿ ಎಷ್ಟು ಉಳಿದೀತು? ಹೈಕೋರ್ಟ್ ಇದನ್ನು ಒಪ್ಪಲಿಲ್ಲ. ಆದರೆ 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಊರಿಗೆ ಬರಬೇಕಿದ್ದ ಮೈದಾನ ಅಲ್ಲಿಗೇ ಸಣ್ಣದಾಯಿತು.

ಕಾಮಗಾರರಿಗೆ ಏನೂ ಸಿಗಲಿಲ್ಲ ಎನ್ನುವಂತಿಲ್ಲ. 2012ರ ಜೂನ್‌ನಲ್ಲಿ ಮ್ಹಾಡಾ 6,925 ಮನೆಗಳಿಗೆ ಲಾಟರಿ ತೆಗೆಯಿತು. ಒಂದೊಂದು 225 ಚದರ ಅಡಿ. ಟವರಿನ ಒಂದು ಹಾಲ್‌ನಷ್ಟೂ ಇಲ್ಲ, ಆದರೂ ಚಾಳದ ಖೋಲಿಯಲ್ಲಿ ಆಯುಷ್ಯ ಕಳೆದವರಿಗೆ ಸ್ವಂತದ ಸಂಡಾಸು, ಸ್ವಂತದ ನಳ ಅಂದರೆ ಸಣ್ಣ ಮಾತಲ್ಲ. ಅರ್ಜಿ ಹಾಕಿದವರು ಮಾತ್ರ ಲಕ್ಷಕ್ಕೂ ಮೇಲೆ. 2016ರ ಲಾಟರಿಯಲ್ಲಿ ಹೆಸರು ಬಂದವರ ಪಾಲಿಗೆ ಬಂದ 2,417 ಮನೆಗಳು ಲೋವರ್ ಪರೇಲ್‌ನಲ್ಲಿಲ್ಲ. ಅವು ಪನವೇಲ ಹತ್ತಿರದ ಕೋನ್ ಗ್ರಾಮದಲ್ಲಿವೆ.