ಬಾಟ್ ಸುದ್ದಿ ತರಲಿ, ಆದರೆ ಎಲ್ಲವನ್ನೂ ತರೋದು ಬೇಡ

ಈ ವಾರದ ವಿಡಿಯೋದ ಬರಹ ರೂಪ ಇದು. ಮಾತಿನಲ್ಲಿ ಹೇಳೋಕೆ ಉದ್ದ ಆಗುವ ಕೆಲವು ತಾಂತ್ರಿಕ ವಿವರಗಳನ್ನು ಇಲ್ಲಿ ಸೇರಿಸಿದ್ದೀನಿ. ಮೊದಲೇ ಒಂದು ಮಾತು: ಆರ್‌ಎಸ್‌ಎಸ್ ಅಂದ ಕೂಡಲೇ ಕೆಲವರಿಗೆ ಸಂಘದ ಶಾಖೆ ನೆನಪಾಗುತ್ತೆ. ಇಲ್ಲಿ ವಿಷಯ ಅದಲ್ಲ. ವೆಬ್‌ಸೈಟುಗಳು ಕೊಡುವ ಸುದ್ದಿ ಫೀಡ್ ಇದೆಯಲ್ಲ, ಅದರ ಬಗ್ಗೆ.

ಕೊಚ್ಚಿ ಕಡೆ ಇರುವ ಕನ್ನಡಿಗರಿಗೆ ಇದು ಯಾಕೆ ಬೇಕು ಅಂತ ಕೇಳಿದರೆ, ಎರಡು ಪದ ತೋರಿಸ್ತೀನಿ. ಮಳೆಗಾಲದಲ್ಲಿ ಇಲ್ಲಿನ ಜಿಲ್ಲಾಧಿಕಾರಿಗಳ ಫೇಸ್‌ಬುಕ್ ಪುಟದಲ್ಲಿ ಮಕ್ಕಳೆಲ್ಲ ಕಾದು ಕೂರುವ ಪದಗಳು ಅವು: 'ನಾಳೆ ಅವಧಿ'. ಮಲಯಾಳ ಅಕ್ಷರ ಕಲಿತ ಕನ್ನಡಿಗ ಓದಿದರೆ ಎರಡೂ ಗೊತ್ತಿರುವ ಪದಗಳೇ. ಆದರೆ ಮಲಯಾಳದಲ್ಲಿ ಅವಧಿ ಅಂದರೆ ರಜೆ! ನಾವು 'ನಾಳೆಯವರೆಗೆ ಏನೋ ಗಡುವು ಇರಬೇಕು' ಅಂದುಕೊಂಡು ಬೆಳಗ್ಗೆ ಏಳಕ್ಕೆ ಮಗುವಿಗೆ ಸಮವಸ್ತ್ರ ಹಾಕಿ ನಿಲ್ಲಿಸ್ತೀವಿ.

ಇದು ನಗುವ ವಿಷಯ. 2023ರ ಮಾರ್ಚ್‌ನಲ್ಲಿ ನಡೆದದ್ದು ಹಾಗಲ್ಲ. ಮಾರ್ಚ್ 2ರಂದು ಬ್ರಹ್ಮಪುರಂ ಕಸದ ಘಟಕಕ್ಕೆ ಬೆಂಕಿ ಬಿತ್ತು. ಅಂಬಲಮುಗಳ್‌ಗೆ ಅದು ಪಕ್ಕದ ಊರು, ಕಾಕ್ಕನಾಡ್‌ನ ಇನ್ಫೋಪಾರ್ಕಿಗೂ ದೂರವಿಲ್ಲ. ಪ್ಲಾಸ್ಟಿಕ್ ರಾಶಿಯ ಒಳಗೆ ಬೆಂಕಿ ಹೊಗೆಯಾಡುತ್ತಲೇ ಇತ್ತು, ಪೂರ್ತಿ ಆರಿಸೋಕೆ ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಎನ್-95 ಮಾಸ್ಕ್ ಯಾರು ಹಾಕಬೇಕು, ಯಾವ ಪಂಚಾಯತಿಯಲ್ಲಿ ಎಷ್ಟನೇ ತರಗತಿವರೆಗೆ ರಜೆ ಅನ್ನೋದು ಬದಲಾಗುತ್ತಾ ಇತ್ತು. ಪ್ರಕಟಣೆಗಳು ಮಲಯಾಳದಲ್ಲಿ, ಒಂದಿಷ್ಟು ಇಂಗ್ಲಿಷಿನಲ್ಲಿ. ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೆ ಬರುವ ಹೊತ್ತಿಗೆ ಅವು ಸ್ಕ್ರೀನ್‌ಶಾಟ್ ಆಗಿರುತ್ತವೆ. ತಾರೀಖು ಕತ್ತರಿಸಿ ಹೋಗಿರುತ್ತೆ. ನಿನ್ನೆಯದೋ ಇವತ್ತಿನದೋ ಹೇಳೋರು ಯಾರು?

ತಾರೀಖು, ಮೂಲ ಎರಡೂ ಇಲ್ಲದ ಸುದ್ದಿ ಏನು ಮಾಡುತ್ತೆ ಅನ್ನೋದನ್ನ ಕೇರಳ 2018ರ ಆಗಸ್ಟ್‌ನಲ್ಲೇ ನೋಡಿದೆ. ಆಗ 26 ವರ್ಷಗಳ ನಂತರ ಇಡುಕ್ಕಿ ಜಲಾಶಯದ ಚೆರುತೋಣಿ ಗೇಟು ತೆರೆದಿದ್ದರು, ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು. ಅದರ ನಡುವೆ ಮುಲ್ಲಪೆರಿಯಾರ್ ಅಣೆಕಟ್ಟು ಒಡೆಯಿತು ಅನ್ನುವ ಸುಳ್ಳು ಧ್ವನಿ ಸಂದೇಶ ಹರಿದಾಡಿತು. ಅದನ್ನು ಅಲ್ಲಗಳೆಯೋದೇ ಸರ್ಕಾರಕ್ಕೆ ಇನ್ನೊಂದು ಕೆಲಸ ಆಯಿತು. ಫಾರ್ವರ್ಡ್‌ಗೆ ಹುಟ್ಟಿದೂರು ಇಲ್ಲ, ಜಾತಕವೂ ಇಲ್ಲ.

ಆರ್‌ಎಸ್‌ಎಸ್‌ಗೆ ಅವೆರಡೂ ಇವೆ. ಅದಕ್ಕೇ ಈ ಹಳೆಯ ತಂತ್ರ ನನಗೆ ಇನ್ನೂ ಇಷ್ಟ. 1999ರಲ್ಲಿ ನೆಟ್‌ಸ್ಕೇಪ್‌ನವರು ಶುರು ಮಾಡಿದ್ದು. 2002ರಲ್ಲಿ 2.0 ಆವೃತ್ತಿ ಬಂತು, ಇವತ್ತಿಗೂ ಅದೇ ಓಡ್ತಾ ಇದೆ. ಒಳಗೆ ಇರೋದು ಒಂದು ಎಕ್ಸ್‌ಎಂಎಲ್ ಫೈಲು, ಅಷ್ಟೆ. ಪ್ರತಿ ಸುದ್ದಿಗೂ ಶೀರ್ಷಿಕೆ, ಕೊಂಡಿ, ಸಣ್ಣ ಸಾರಾಂಶ, ಪ್ರಕಟವಾದ ಹೊತ್ತು, ಜೊತೆಗೆ 'ಜಿಯುಐಡಿ' ಅನ್ನುವ ಗುರುತು ಸಂಖ್ಯೆ. ನಮ್ಮಲ್ಲಿ ಸುಮಾರು ಜನ ಇದನ್ನು ಗೂಗಲ್ ರೀಡರ್ ಕಾಲದಲ್ಲಿ ಬಳಸಿದವರೇ. ಸಂಪದ, ಕೆಂಡಸಂಪಿಗೆ, ಅವಧಿ ಇದ್ದ ಕನ್ನಡ ಬ್ಲಾಗುಗಳ ಆ ಸುಗ್ಗಿ ಕಾಲ ನೆನಪಿದೆ ಅಲ್ವಾ? (ಈ 'ಅವಧಿ'ಗೂ ರಜೆಗೂ ಸಂಬಂಧ ಇಲ್ಲ.) 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು. ಜನ ಫೀಡ್ ಸತ್ತಿತು ಅಂದುಕೊಂಡರು. ಸತ್ತಿರಲಿಲ್ಲ. ಪಾಡ್‌ಕಾಸ್ಟ್‌ಗಳು ಇವತ್ತಿಗೂ ಅದರ ಮೇಲೇ ನಿಂತಿವೆ. ಯೂಟ್ಯೂಬ್‌ನ ಪ್ರತಿ ಚಾನೆಲ್‌ಗೂ, ಅಂದರೆ ನಮ್ಮದಕ್ಕೂ, ಒಂದು ಫೀಡ್ ಇದೆ. ದಿ ಹಿಂದೂ ಪತ್ರಿಕೆ ಕೊಚ್ಚಿ ಸುದ್ದಿಗೇ ಬೇರೆ ಫೀಡ್ ಕೊಡುತ್ತೆ.

ಇನ್ನೊಂದು ಕಡೆ ಫೆಡಿವರ್ಸ್. ಇದರಲ್ಲಿ ಒಬ್ಬ ಯಜಮಾನ ಇರಲ್ಲ, ಯಾರು ಬೇಕಾದರೂ ತಮ್ಮ ಸರ್ವರ್ ಇಟ್ಟುಕೊಳ್ಳಬಹುದು. ಸರ್ವರುಗಳು 'ಆಕ್ಟಿವಿಟಿಪಬ್' ಅನ್ನುವ ನಿಯಮದಲ್ಲಿ ಒಂದಕ್ಕೊಂದು ಮಾತಾಡುತ್ತವೆ. 2018ರ ಜನವರಿಯಲ್ಲಿ ಡಬ್ಲ್ಯು3ಸಿ ಅದನ್ನು ಮಾನ್ಯ ಮಾಡಿತು. ಟ್ವಿಟರ್ ತರಹದ್ದು ಮಾಸ್ಟೊಡಾನ್, ರೆಡಿಟ್ ತರಹದ್ದು ಲೆಮ್ಮಿ. 2023ರ ಜೂನ್‌ನಲ್ಲಿ ರೆಡಿಟ್ ತನ್ನ ಎಪಿಐಗೆ ದುಡ್ಡು ಕೇಳಿದಾಗ ಲೆಮ್ಮಿಗೆ ಜನ ದಂಡು ಕಟ್ಟಿಕೊಂಡು ಬಂದರು. ಕೇರಳಕ್ಕೆ ಇಂಥ ಕೆಲಸ ಹೊಸದಲ್ಲ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಭಾರತ ಶಾಖೆ 2001ರಲ್ಲಿ ಶುರುವಾದದ್ದೇ ತಿರುವನಂತಪುರದಲ್ಲಿ.

ಲೆಮ್ಮಿಯಲ್ಲಿ ಚರ್ಚೆಯ ಜಾಗಕ್ಕೆ 'ಕಮ್ಯುನಿಟಿ' ಅಂತಾರೆ, ನಾನು ಕೂಟ ಅಂತೀನಿ. ಕೂಟ ಒಂದು ಸರ್ವರ್‌ನಲ್ಲಿ ಇರುತ್ತೆ, ಸದಸ್ಯರು ಎಲ್ಲೆಲ್ಲೋ ಇರ್ತಾರೆ. ನೀವು ಒಂದು ಪೋಸ್ಟ್ ಹಾಕಿದರೆ ಕೂಟದ ಸರ್ವರ್ ಅದನ್ನು ಸದಸ್ಯರು ಇರುವ ಪ್ರತಿಯೊಂದು ಸರ್ವರ್‌ಗೂ ಕಳಿಸುತ್ತೆ, ಅಲ್ಲೆಲ್ಲ ಒಂದೊಂದು ಪ್ರತಿ ಉಳಿಯುತ್ತೆ. ಈ ಪ್ರತಿಗಳ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇವೆರಡನ್ನೂ ಜೋಡಿಸೋದು ಸುಲಭ. ಫೀಡ್ ಓದಿ, ಹೊಸದನ್ನು ಪೋಸ್ಟ್ ಮಾಡುವ ಒಂದು ಬಾಟ್. ಪೈಥಾನ್ ಗೊತ್ತಿರುವವರು ಒಂದು ಭಾನುವಾರ ಮಧ್ಯಾಹ್ನ ಬರೆದು ಮುಗಿಸಬಹುದು. ಗಮನಿಸಬೇಕಾದದ್ದು ನಾಲ್ಕಾರು ಸಂಗತಿ. ಯಾವುದು ಹೊಸದು ಅನ್ನೋದನ್ನ ಶೀರ್ಷಿಕೆಯಿಂದ ತೀರ್ಮಾನ ಮಾಡಬೇಡಿ, ಪತ್ರಿಕೆಯವರು ಶೀರ್ಷಿಕೆಯನ್ನು ದಿನಕ್ಕೆ ಮೂರು ಸಲ ಬದಲಿಸ್ತಾರೆ. ಜಿಯುಐಡಿ ನೋಡಿ. ಕೊಂಡಿಯ ಬಾಲದಲ್ಲಿ ಇರುವ 'ಯುಟಿಎಂ' ಕಸ ಕತ್ತರಿಸಿ. ಒಂದೇ ಕೊಂಡಿ ಎರಡು ಕೂಟಗಳಲ್ಲಿ ಇದ್ದರೆ ಲೆಮ್ಮಿ ಅವುಗಳನ್ನು ಜೋಡಿಸಿ ತೋರಿಸುತ್ತೆ, ಬಾಲ ಬೇರೆ ಇದ್ದರೆ ಅದಕ್ಕೆ ಗೊತ್ತಾಗದೇ ಹೋಗಬಹುದು. 15 ನಿಮಿಷಕ್ಕೊಮ್ಮೆ ಫೀಡ್ ಕೇಳಿದರೆ ದಿನಕ್ಕೆ 96 ಸಲ ಆಯ್ತು. ಪ್ರತಿ ಸಲ ಇಡೀ ಫೈಲು ಎಳೆಯೋ ಬದಲು 'ಕಳೆದ ಸಲದಿಂದ ಬದಲಾಗಿದೆಯಾ' ಅಂತ ಇ-ಟ್ಯಾಗ್ ಕಳಿಸಿ ಕೇಳಿ. ಬದಲಾಗಿಲ್ಲ ಅಂದರೆ 304 ಅಂತ ಉತ್ತರ ಬರುತ್ತೆ, ಇಬ್ಬರ ಬ್ಯಾಂಡ್‌ವಿಡ್ತೂ ಉಳಿಯುತ್ತೆ. ಖಾತೆಯ ಸೆಟ್ಟಿಂಗ್‌ನಲ್ಲಿ ಇದು ಬಾಟ್ ಅಂತ ಗುರುತು ಹಾಕಿ, ಆಗ ಬಾಟ್ ಬೇಡ ಅನ್ನೋರಿಗೆ ಕಾಣಲ್ಲ. ಪೋಸ್ಟ್‌ನ ಭಾಷೆ ಕನ್ನಡವೋ ಇಂಗ್ಲಿಷೋ ಮಲಯಾಳವೋ ಅದನ್ನೂ ತುಂಬಿ. ಮತ್ತೆ, ಇಡೀ ಲೇಖನ ಎತ್ತಿ ಅಂಟಿಸಬೇಡಿ. ಶೀರ್ಷಿಕೆ, ಕೊಂಡಿ, ಒಂದೆರಡು ಸಾಲು ಸಾಕು. ಬರೆದವರ ಹೊಟ್ಟೆಪಾಡಿನ ವಿಷಯ ಅದು.

ಇಲ್ಲಿಗೆ ತಾಂತ್ರಿಕ ಕೆಲಸ ಮುಗೀತು, ನಿಜವಾದ ತೊಂದರೆ ಈಗ ಶುರು.

ಒಂದು ಲೆಕ್ಕ ಹಾಕೋಣ. ಐದು ಫೀಡ್ ಜೋಡಿಸಿದಿರಿ, ಒಂದೊಂದರಲ್ಲಿ ದಿನಕ್ಕೆ 40 ಸುದ್ದಿ. ಒಟ್ಟು 200, ಅಂದರೆ ಸುಮಾರು ಏಳು ನಿಮಿಷಕ್ಕೊಂದು. ಪುಟಕ್ಕೆ 20 ಪೋಸ್ಟ್ ಅಂತ ಹಿಡಿದರೆ, ಎರಡೂವರೆ ಗಂಟೆಯೊಳಗೆ ಮೊದಲ ಪುಟ ಪೂರ್ತಿ ಬದಲಾಗಿರುತ್ತೆ. ಈಗ ಯಾರೋ ಹೊಸದಾಗಿ ಬಂದವರು, 'ಕಾಕ್ಕನಾಡ್ ಹತ್ತಿರ ಕನ್ನಡ ಮಾತಾಡೋ ಮಕ್ಕಳ ಡಾಕ್ಟರ್ ಇದ್ದಾರಾ?' ಅಂತ ಬೆಳಗ್ಗೆ ಒಂಬತ್ತಕ್ಕೆ ಕೇಳಿ ಆಫೀಸಿಗೆ ಹೋಗ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಗೊತ್ತಿರುವವರು ಬಂದು ನೋಡಿದರೆ ಆ ಪ್ರಶ್ನೆ ಎರಡನೇ ಪುಟದ ಕೆಳಗೆ. ಮೇಲಿರೋದು ಚಿನ್ನದ ದರ, ಕ್ರಿಕೆಟ್, ಯಾರದೋ ರಾಜೀನಾಮೆ, ಒಂದಕ್ಕೂ ಕಾಮೆಂಟ್ ಇಲ್ಲ. ಹೀಗೆ ವಾರ ಕಳೆದರೆ ಆ ಕೂಟದಲ್ಲಿ ಯಾರೂ ಪ್ರಶ್ನೆ ಕೇಳಲ್ಲ. ಹೊರಗಿನಿಂದ ನೋಡೋರಿಗೆ ಭಾರಿ ಚಟುವಟಿಕೆ, ಒಳಗೆ ಮನುಷ್ಯರಿಲ್ಲ. ಜನ ಬರದ ಮದುವೆಮನೆಯಲ್ಲಿ ಮೈಕ್ ಮಾತ್ರ ಹಾಡ್ತಾ ಇದ್ದ ಹಾಗೆ.

ಮೇಲೆ ಹೇಳಿದ ಪ್ರತಿಗಳ ವಿಷಯ ಈಗ ಬರುತ್ತೆ. ನಮ್ಮ ಬಾಟ್ ಹಾಕಿದ 200 ಪೋಸ್ಟ್ ನಮ್ಮ ಸರ್ವರ್‌ನಲ್ಲಿ ಮಾತ್ರ ಇರಲ್ಲ. ಸದಸ್ಯರಿರುವ ಪ್ರತಿ ಸರ್ವರ್‌ಗೂ ಹೋಗುತ್ತೆ, ಅಲ್ಲಿ 'ಆಲ್' ಅನ್ನುವ ಪಟ್ಟಿಯಲ್ಲೂ ಕಾಣುತ್ತೆ. ಅವು ಯಾರೋ ಸ್ವಂತ ದುಡ್ಡಲ್ಲಿ ನಡೆಸುವ ಸಣ್ಣ ಸರ್ವರುಗಳು. ಅವರ ಡಿಸ್ಕ್ ತುಂಬಿಸೋದು ನಾವು. ಅವರಿಗೆ ಬೇಸರ ಬಂದು ನಮ್ಮ ಸರ್ವರ್ ಅನ್ನೇ ತಡೆದರೆ, ಬಾಟ್ ಜೊತೆ ನಮ್ಮ ಮನುಷ್ಯರ ಮಾತೂ ಅಲ್ಲಿಗೆ ತಲುಪೋದು ನಿಲ್ಲುತ್ತೆ.

ಹಾಗಾದರೆ ಫೀಡ್ ಬೇಡವಾ? ಬೇಕು. ಆದರೆ ಫೀಡ್‌ಗಳಲ್ಲಿ ಎರಡು ಜಾತಿ ಇದೆ, ಎರಡನ್ನೂ ಒಂದೇ ಬಾಗಿಲಿಂದ ಬಿಡಬಾರದು ಅನ್ನೋದು ನನ್ನ ವಾದ.

ಪತ್ರಿಕೆಯ ಸುದ್ದಿ ನೇರವಾಗಿ ಕೂಟಕ್ಕೆ ಬರಬಾರದು. ಫ್ರೆಶ್‌ಆರ್‌ಎಸ್‌ಎಸ್ ಅಂತ ಒಂದು ಉಚಿತ ಓದುಗ ತಂತ್ರಾಂಶ ಇದೆ, ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳೋದು. ಐದೂ ಫೀಡ್ ಅಲ್ಲಿಗೆ ಬರಲಿ. ಕೂಟದ ಇಬ್ಬರೋ ಮೂವರೋ ಸರದಿಯಂತೆ ನೋಡಿ, ನಮ್ಮವರಿಗೆ ಬೇಕಾದದ್ದಕ್ಕೆ ನಕ್ಷತ್ರ ಹಾಕಲಿ. ನಕ್ಷತ್ರ ಬಿದ್ದವನ್ನು ಮಾತ್ರ ಹೊಸ ಫೀಡ್ ಮಾಡಿ ಹೊರಗೆ ಕೊಡುವ ಸೌಲಭ್ಯ ಅದರಲ್ಲೇ ಇದೆ. ಬಾಟ್ ಓದಬೇಕಾದದ್ದು ಆ ಫೀಡ್ ಅನ್ನು. ದಿನಕ್ಕೆ ನಾಲ್ಕೈದು ಪೋಸ್ಟ್ ಆಗಬಹುದು. ನಕ್ಷತ್ರ ಹಾಕಿದವರೇ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದರೆ ಮಾತು ಅಲ್ಲಿಂದ ಶುರುವಾಗುತ್ತೆ. ಬರೀ ಕೊಂಡಿಗೆ ಯಾರೂ ಉತ್ತರ ಕೊಡಲ್ಲ, 'ವೈಟ್ಟಿಲದಿಂದ ಬೆಂಗಳೂರು ಬಸ್ಸು ಹಿಡಿಯೋರು ಇದನ್ನ ನೋಡಿ' ಅಂದರೆ ಕೊಡ್ತಾರೆ.

ಎರಡನೇ ಜಾತಿ ಎಚ್ಚರಿಕೆಗಳು. ಇಲ್ಲಿ ಮಾತ್ರ ಮನುಷ್ಯರನ್ನು ಕಾಯುವ ಹಾಗಿಲ್ಲ, ಬಾಟ್ ರಾತ್ರಿ ಎರಡಕ್ಕೂ ಎದ್ದಿರಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಅನ್ನುವ ವ್ಯವಸ್ಥೆ ಇದೆ, ಸಿ-ಡಾಟ್ ಕಟ್ಟಿದ್ದು. ಹವಾಮಾನ ಇಲಾಖೆ, ರಾಜ್ಯಗಳ ವಿಪತ್ತು ಪ್ರಾಧಿಕಾರಗಳು ಹೊರಡಿಸುವ ಎಚ್ಚರಿಕೆಗಳು ಅಲ್ಲಿ ಒಟ್ಟಾಗಿ, ಆರ್‌ಎಸ್‌ಎಸ್ ಆಗಿ ಹೊರಗೆ ಬರುತ್ತವೆ. ಪ್ರತಿಯೊಂದರ ಒಳಗೆ 'ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್' ಅನ್ನುವ ಅಂತರರಾಷ್ಟ್ರೀಯ ನಮೂನೆಯ ವಿವರ ಇರುತ್ತೆ: ಯಾರು ಕಳಿಸಿದ್ದು, ಯಾವ ಪ್ರದೇಶಕ್ಕೆ, ಎಷ್ಟು ತೀವ್ರ, ಎಷ್ಟು ಖಚಿತ, ಯಾವಾಗ ಮುಗಿಯುತ್ತೆ. ಇದು ಹೊಸ ಎಚ್ಚರಿಕೆಯೋ, ಹಳೆಯದರ ತಿದ್ದುಪಡಿಯೋ, ರದ್ದತಿಯೋ ಅನ್ನೋದೂ ಇರುತ್ತೆ.

ಸಾಮಾನ್ಯ ಸುದ್ದಿ ಬಾಟ್ ಈ ಒಳ ವಿವರ ಯಾವುದನ್ನೂ ಓದಲ್ಲ. ಅದರ ಪಾಲಿಗೆ ತಿದ್ದುಪಡಿ ಅಂದರೆ ಇನ್ನೊಂದು ಹೊಸ ಪೋಸ್ಟ್. ಆರೆಂಜ್ ಅಲರ್ಟ್ ರೆಡ್ ಆದರೆ ಎರಡು ಪೋಸ್ಟ್, ಹಳೆಯದಕ್ಕೇ ಹೆಚ್ಚು ಕಾಮೆಂಟ್ ಬಂದಿರೋದರಿಂದ ಅದೇ ಮೇಲೆ ಕೂತಿರುತ್ತೆ! ಹವಾಮಾನ ಇಲಾಖೆಯ ಲೆಕ್ಕದಲ್ಲಿ ಆರೆಂಜ್ ಅಂದರೆ 24 ಗಂಟೆಗೆ 115.6ರಿಂದ 204.4 ಮಿಲಿಮೀಟರ್, ಅದರ ಮೇಲೆ ರೆಡ್. ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಎಚ್ಚರಿಕೆಯ ಬಾಟ್ ಬೇರೆಯೇ ಬರೆಯಬೇಕು. ತಿದ್ದುಪಡಿ ಬಂದರೆ ಅದೇ ಪೋಸ್ಟ್‌ನ ಶೀರ್ಷಿಕೆ ಬದಲಿಸಬೇಕು. ಮುಗಿಯುವ ಹೊತ್ತು ದಾಟಿದರೆ 'ಅವಧಿ ಮುಗಿದಿದೆ' (ಇದು ಕನ್ನಡದ ಅವಧಿ) ಅಂತ ಬರೆದು ಬೀಗ ಹಾಕಬೇಕು. ಎರ್ನಾಕುಲಂ ಜಿಲ್ಲೆ ಬಿಟ್ಟು ಬೇರೆಯದನ್ನು ಒಳಗೆ ಬಿಡಬಾರದು. ಕಾಸರಗೋಡಿನ ಮಳೆ ಎಚ್ಚರಿಕೆ ನೋಡಿ ನೋಡಿ ಅಂಬಲಮುಗಳ್‌ನವರಿಗೆ ಎಚ್ಚರಿಕೆ ಅಂದರೇ ಸಸಾರ ಆಗುತ್ತೆ.

ಕನ್ನಡಕ್ಕೆ ತರೋದು ಹೇಗೆ? ಯಂತ್ರಾನುವಾದ ಇಲ್ಲಿ ಬೇಡ. 'ಅವಧಿ'ಯಂಥ ಪದ ಎಲ್ಲಿ ಕಾಲು ಎಳೆಯುತ್ತೆ ಹೇಳೋಕಾಗಲ್ಲ. ಎಚ್ಚರಿಕೆಗಳಲ್ಲಿ ಬಳಸುವ ಪದಗಳು ಕಡಿಮೆ, ಮತ್ತೆ ಮತ್ತೆ ಅವೇ ಬರುತ್ತವೆ. ಭಾರಿ ಮಳೆ, ಅತಿ ಭಾರಿ ಮಳೆ, ಸಿಡಿಲು, ಬಿರುಗಾಳಿ, ಭೂಕುಸಿತ, ಅಣೆಕಟ್ಟಿನ ನೀರು ಬಿಡುಗಡೆ. ಕೂತು ಒಂದು ಪಟ್ಟಿ ಮಾಡಿ, ಎರಡು ಭಾಷೆ ಬಲ್ಲವರಿಂದ ನೋಡಿಸಿ, ಬಾಟ್‌ಗೆ ಆ ಪಟ್ಟಿಯನ್ನೇ ಕೊಟ್ಟುಬಿಡಿ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಇಂಗ್ಲಿಷಿನಲ್ಲೇ ಹಾಗೇ ಹಾಕಲಿ, ಊಹೆ ಮಾಡೋದು ಬೇಡ.

ಒಂದು ಮಿತಿ ಹೇಳಲೇಬೇಕು. ಸರ್ವರ್‌ನಿಂದ ಸರ್ವರ್‌ಗೆ ಪೋಸ್ಟ್ ಹೋಗೋದು ಸರತಿ ಸಾಲಿನಲ್ಲಿ. ನಿಮ್ಮ ಖಾತೆ ಇರುವ ಸರ್ವರ್ ಅರ್ಧ ದಿನ ಕೆಟ್ಟು ನಿಂತರೆ, ಎಚ್ಚರಿಕೆ ಅರ್ಧ ದಿನ ತಡವಾಗಿ ಬರುತ್ತೆ. ಆದ್ದರಿಂದ ಫೋನಿಗೆ ಸರ್ಕಾರದಿಂದ ನೇರ ಬರುವ ತುರ್ತು ಸಂದೇಶವನ್ನು ಯಾರೂ ಆಫ್ ಮಾಡಬೇಡಿ. ಕೂಟ ಬೇಕಾಗೋದು ಅದರ ಮುಂದಿನ ಹೆಜ್ಜೆಗೆ: 'ನಮ್ಮ ಬೀದಿಯಲ್ಲಿ ನೀರು ಬಂದಿದೆಯಾ', 'ಕಂಪನಿ ಬಸ್ಸು ಓಡ್ತಾ ಇದೆಯಾ', 'ನಾಳೆ ಶಾಲೆ ಇದೆಯಾ'. ಎಚ್ಚರಿಕೆಯ ಪೋಸ್ಟ್ ಕೆಳಗೆ ಇಂಥ ಮಾತುಗಳು ಸೇರಿದಾಗ ಅದು ಉಪಯೋಗಕ್ಕೆ ಬರುತ್ತೆ, ತಾರೀಖೂ ಮೂಲವೂ ಮೇಲೇ ಅಂಟಿಕೊಂಡಿರುತ್ತೆ.

ಟೆಕ್ನೋಪಾರ್ಕ್‌ನವರು ಕೇಳಿದ್ದರು, ತಿರುವನಂತಪುರಕ್ಕೆ ಇದನ್ನೇ ಬಳಸಬಹುದಾ ಅಂತ. ಬಳಸಬಹುದು, ಜಿಲ್ಲೆ ಬದಲಿಸಿದರೆ ಆಯ್ತು. ಆದರೆ ಅಲ್ಲಿನ ಕರಾವಳಿಗೆ ಒಂದು ಪದ ಹೆಚ್ಚಿಗೆ ಬೇಕು: 'ಕಳ್ಳಕ್ಕಡಲ್'. ಗಾಳಿ ಇಲ್ಲ, ಮಳೆ ಇಲ್ಲ, ದೂರದ ಸಾಗರದಲ್ಲಿ ಎದ್ದ ಅಲೆ ಹೇಳದೆ ಕೇಳದೆ ದಡ ಹತ್ತೋದು. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಇದಕ್ಕೆ ಎಚ್ಚರಿಕೆ ಕೊಡುತ್ತೆ. ಪಟ್ಟಿಯಲ್ಲಿ ನಾನು ಸದ್ಯಕ್ಕೆ 'ಕಳ್ಳಕಡಲು' ಅಂತಲೇ ಬರೆದಿದ್ದೀನಿ, ಕನ್ನಡಕ್ಕೂ ಸರಿಯಾಗಿ ಕೂರುತ್ತೆ ಅಲ್ವಾ. ಉಳ್ಳಾಲ, ಮಲ್ಪೆ, ಕಾರವಾರದ ಕಡೆಯವರು ಇದಕ್ಕೆ ಮನೆಯಲ್ಲಿ ಬೇರೆ ಏನಾದರೂ ಅಂತಿದ್ದರೆ ಕೆಳಗೆ ಬರೆದು ತಿಳಿಸಿ, ಬದಲಿಸ್ತೀನಿ.